ಡೆನ್ಸ್ ಭಾಗ ನೋಡಿ ಇಡೀ ಸ್ಪೇಸನ್ನು ಗುರುತಿಸಬಹುದೇ? ನಾನ್-ಸೆಪರಬಲ್ ಬನಾಖ್ ಸ್ಪೇಸ್‌ಗಳ ಕಥೆ

ಎರಡು ಬನಾಖ್ ಸ್ಪೇಸ್‌ಗಳನ್ನು ಮುಂದಿಟ್ಟು ಇವೆರಡೂ ಒಂದೇನಾ ಅಂತ ಕೇಳಿದರೆ ಹೇಗೆ ಹೇಳುವುದು? ಪ್ರಶ್ನೆ ಇವತ್ತಿನದಲ್ಲ. ಲ್ವೋವ್‌ನಲ್ಲಿದ್ದ ಸ್ಟೆಫಾನ್ ಬನಾಖ್ 1932ರಲ್ಲಿ ಈ ವಿಷಯದ ಮೊದಲ ದೊಡ್ಡ ಪುಸ್ತಕ ತಂದಾಗಿನಿಂದಲೂ ಇದೆ. ಆಗ ಪೋಲೆಂಡಿನಲ್ಲಿದ್ದ ಆ ಊರು ಈಗ ಉಕ್ರೇನಿನಲ್ಲಿದೆ, ಹೆಸರು ಲ್ವಿವ್. ಸುಮಾರು ತೊಂಬತ್ತು ವರ್ಷಗಳಲ್ಲಿ ಸೆಪರಬಲ್ ಸ್ಪೇಸ್‌ಗಳ ಬಗ್ಗೆ ಬೇಕಾದಷ್ಟು ಗೊತ್ತಾಗಿದೆ. ನಾನ್-ಸೆಪರಬಲ್ ಕಡೆಗೆ ಕಾಲಿಟ್ಟ ಕೂಡಲೇ ಪರಿಚಯದ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಎಂ.ಎಸ್ಸಿ. ಗಣಿತದಲ್ಲಿ ಫಂಕ್ಷನಲ್ ಅನಾಲಿಸಿಸ್ ಓದಿದವರಿಗೆ ಸೆಪರಬಲ್ ಅನ್ನುವ ಮಾತು ಗೊತ್ತೇ ಇರುತ್ತದೆ. ಥಿಯರಮ್‌ನ ಮೊದಲ ಸಾಲಿನಲ್ಲಿ ಅದು ಬಂದು ಹೋಗುತ್ತದೆ. ಬರೆದುಕೊಂಡು ಮುಂದೆ ಹೋಗುತ್ತೇವೆ. ಆ ಒಂದು ಷರತ್ತು ಎಷ್ಟು ಭಾರ ಹೊತ್ತಿದೆ ಅನ್ನುವುದು ಅದನ್ನು ತೆಗೆದು ನೋಡಿದಾಗಲೇ ಗೊತ್ತಾಗುವುದು. ನನಗೆ ಈ ವಿಷಯದಲ್ಲಿ ಅತಿ ಚಂದ ಅನ್ನಿಸುವ ಭಾಗವೂ ಅದೇ.

ಮೊದಲು ಪರಿಚಯ. ಬನಾಖ್ ಸ್ಪೇಸ್ ಅಂದರೆ ವೆಕ್ಟರ್ ಸ್ಪೇಸ್. ಪ್ರತಿ ವೆಕ್ಟರಿಗೂ ಒಂದು ಉದ್ದ ಇರುತ್ತದೆ, ಅದನ್ನು ನಾರ್ಮ್ ಅನ್ನುತ್ತಾರೆ. ಒಂದಕ್ಕೊಂದು ಹತ್ತಿರ ಹತ್ತಿರ ಬರುತ್ತಾ ಹೋಗುವ ಸೀಕ್ವೆನ್ಸಿಗೆ ಅದರೊಳಗೇ ಲಿಮಿಟ್ ಸಿಗಬೇಕು. ಇಷ್ಟೇ. ಅದರೊಳಗಿನ ಒಂದು ಗುಂಪು ಡೆನ್ಸ್ ಆಗಿದೆ ಅಂದರೆ, ಸ್ಪೇಸಿನ ಯಾವ ಬಿಂದುವನ್ನು ತೋರಿಸಿದರೂ ಅದಕ್ಕೆ ಬೇಕಾದಷ್ಟು ಹತ್ತಿರದಲ್ಲಿ ಆ ಗುಂಪಿನ ಒಂದು ಬಿಂದು ಸಿಗುತ್ತದೆ. ರಿಯಲ್ ನಂಬರ್‌ಗಳ ನಡುವೆ ರ‍್ಯಾಷನಲ್ ನಂಬರ್‌ಗಳು ಇರುವ ಹಾಗೆ. ಒಂದು, ಎರಡು, ಮೂರು ಅಂತ ಪಟ್ಟಿ ಮಾಡಬಹುದಾದ, ಅಂದರೆ ಕೌಂಟಬಲ್ ಆದ ಡೆನ್ಸ್ ಗುಂಪು ಇದ್ದರೆ ಆ ಸ್ಪೇಸ್ ಸೆಪರಬಲ್. ಇಲ್ಲದಿದ್ದರೆ ನಾನ್-ಸೆಪರಬಲ್. ಡೆನ್ಸ್ ಗುಂಪಿಗೆ ಕನಿಷ್ಠ ಎಷ್ಟು ಬಿಂದು ಬೇಕೋ ಆ ಸಂಖ್ಯೆಗೆ ಸ್ಪೇಸಿನ ಡೆನ್ಸಿಟಿ ಅಂತ ಹೆಸರು.

ನಮಗೆ ಇಲ್ಲಿ ಮೂರು ಸ್ಪೇಸ್ ಸಾಕು. ಮೊದಲನೆಯದು ಸಿ-ನಾಟ್: ಸೊನ್ನೆಯ ಕಡೆಗೆ ಹೋಗುವ ಸೀಕ್ವೆನ್ಸ್‌ಗಳೆಲ್ಲ ಸೇರಿ ಆಗುವುದು. ಅದರಲ್ಲಿನ ಅತಿ ದೊಡ್ಡ ಅಂಕಿಯೇ ನಾರ್ಮ್. ಇದು ಸೆಪರಬಲ್. ಎರಡನೆಯದು ಎಲ್-ಇನ್ಫಿನಿಟಿ: ಮಿತಿಯೊಳಗಿರುವ ಎಲ್ಲ ಸೀಕ್ವೆನ್ಸ್‌ಗಳು. ಇದು ಸೆಪರಬಲ್ ಅಲ್ಲ. ಸೊನ್ನೆ ಮತ್ತು ಒಂದು ಮಾತ್ರ ಇರುವ ಸೀಕ್ವೆನ್ಸ್‌ಗಳನ್ನು ನೋಡಿ. ಅವು ರಿಯಲ್ ನಂಬರ್‌ಗಳಷ್ಟೇ ಇವೆ. ಯಾವ ಎರಡನ್ನು ತಗೊಂಡರೂ ನಡುವಿನ ದೂರ 1. ಪ್ರತಿಯೊಂದರ ಸುತ್ತ ಅರ್ಧ ಅಳತೆಯ ಗೋಲ ಹಾಕಿದರೆ ಯಾವ ಗೋಲವೂ ಇನ್ನೊಂದನ್ನು ಮುಟ್ಟುವುದಿಲ್ಲ. ಡೆನ್ಸ್ ಗುಂಪಿನ ಒಂದು ಬಿಂದುವಾದರೂ ಪ್ರತಿ ಗೋಲದೊಳಗೆ ಇರಲೇಬೇಕು. ಹಾಗಾಗಿ ಕೌಂಟಬಲ್ ಗುಂಪು ಸಾಲುವುದಿಲ್ಲ.

ಮೂರನೆಯದನ್ನು ಇಲ್ಲಿ ದೊಡ್ಡ ಸಿ-ನಾಟ್ ಅಂತ ಕರೆಯೋಣ. ಸಿ-ನಾಟ್‌ನಲ್ಲಿ ಒಂದನೇ ಸ್ಥಾನ, ಎರಡನೇ ಸ್ಥಾನ ಅಂತ ಇದ್ದರೆ, ಇದರಲ್ಲಿ ಪ್ರತಿ ರಿಯಲ್ ನಂಬರಿಗೂ ಒಂದೊಂದು ಸ್ಥಾನ. ಷರತ್ತು ಮಾತ್ರ ಅದೇ ಥರದ್ದು. ಎಷ್ಟೇ ಸಣ್ಣ ಅಳತೆ ಹೇಳಿ, ಅದಕ್ಕಿಂತ ದೊಡ್ಡ ಅಂಕಿ ಇರುವ ಸ್ಥಾನಗಳು ಕೈಬೆರಳೆಣಿಕೆಯಷ್ಟೇ ಆಗಬೇಕು, ಅಂದರೆ ಫೈನೈಟ್. ಹಾಗಾಗಿ ಸ್ಥಾನಗಳು ಎಷ್ಟೇ ಇದ್ದರೂ ಒಂದೊಂದು ವೆಕ್ಟರ್ ಕೌಂಟಬಲ್ ಸ್ಥಾನಗಳಲ್ಲಿ ಮಾತ್ರ ಸೊನ್ನೆಯಲ್ಲದೆ ಇರುತ್ತದೆ.

ಈಗ ಐಸೊಮಾರ್ಫಿಸಂ. ಒಂದು ಸ್ಪೇಸಿನಿಂದ ಇನ್ನೊಂದಕ್ಕೆ ಲೀನಿಯರ್ ಆದ (ಕೂಡುವುದು, ಅಂಕಿಯಿಂದ ಗುಣಿಸುವುದು ಕೆಡದ), ಎರಡೂ ಕಡೆಯಿಂದ ಕಂಟಿನ್ಯುವಸ್ ಆದ (ಹತ್ತಿರದವನ್ನು ಹತ್ತಿರಕ್ಕೇ ಕಳಿಸುವ) ಒಂದಕ್ಕೊಂದು ಹೊಂದಾಣಿಕೆ ಇದ್ದರೆ ಅವು ಐಸೊಮಾರ್ಫಿಕ್. ಬನಾಖ್ ಸ್ಪೇಸ್‌ಗಳ ಲೋಕದಲ್ಲಿ ಎರಡೂ ಒಂದೇ ಅನ್ನುವುದಕ್ಕೆ ಸಾಮಾನ್ಯವಾಗಿ ಇದೇ ಅರ್ಥ. ಎರಡು ಸ್ಪೇಸ್‌ಗಳ ಡೆನ್ಸ್ ಸಬ್‌ಸ್ಪೇಸ್‌ಗಳು ಅವುಗಳ ನಾರ್ಮ್ ಸಮೇತ ಐಸೊಮಾರ್ಫಿಕ್ ಆಗಿದ್ದರೆ ಕಥೆ ಮುಗಿಯಿತು. ಲಿಮಿಟ್‌ಗಳನ್ನೆಲ್ಲ ಸೇರಿಸುತ್ತಾ ಹೋದರೆ ಪೂರ್ತಿ ಸ್ಪೇಸ್‌ಗಳೂ ಐಸೊಮಾರ್ಫಿಕ್ ಆಗುತ್ತವೆ. ಆದರೆ ನಾರ್ಮ್ ಬಿಟ್ಟು ಡೆನ್ಸ್ ಭಾಗ ಎಷ್ಟು ದೊಡ್ಡದು ಅಂತ ಮಾತ್ರ ಗೊತ್ತಿದ್ದರೆ? ಚುಕ್ಕಿ ರಂಗೋಲಿಯಲ್ಲಿ ಎಷ್ಟು ಚುಕ್ಕಿ ಇಟ್ಟಿದ್ದಾರೆ ಅಂತ ಎಣಿಸಿ ಯಾವ ರಂಗೋಲಿ ಬರುತ್ತದೆ ಅಂತ ಹೇಳಲು ಹೊರಟ ಹಾಗೆ.

ಹಾಗಂತ ಚುಕ್ಕಿಯ ಎಣಿಕೆಯಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. ಗೆರೆಗಳನ್ನು ಬಗ್ಗಿಸಲು ಒಪ್ಪಿದರೆ ಎಣಿಕೆಯೊಂದೇ ಸಾಕು. ಹಾರ್ಕಿವ್‌ನ ಮಿಖಾಯಿಲ್ ಕಾಡೆಟ್ಸ್ 1960ರ ದಶಕದಲ್ಲಿ ಒಂದು ಬೆರಗಿನ ಫಲಿತಾಂಶ ಕೊಟ್ಟರು: ಇನ್ಫೈನೈಟ್ ಡೈಮೆನ್ಷನ್‌ನ ಸೆಪರಬಲ್ ಬನಾಖ್ ಸ್ಪೇಸ್‌ಗಳೆಲ್ಲ ಒಂದಕ್ಕೊಂದು ಹೋಮಿಯೊಮಾರ್ಫಿಕ್. ಅಂದರೆ ಲೀನಿಯರ್ ಆಗಿರಬೇಕು ಅನ್ನುವ ಹಟ ಬಿಟ್ಟರೆ ಅವೆಲ್ಲ ಒಂದೇ ಆಕಾರ. 1981ರಲ್ಲಿ ಹೆನ್ರಿಕ್ ಟೊರುಂಚಿಕ್ ಇದನ್ನು ಎಲ್ಲ ಡೆನ್ಸಿಟಿಗಳಿಗೂ ವಿಸ್ತರಿಸಿದರು. ಡೆನ್ಸಿಟಿ ಒಂದೇ ಇದ್ದರೆ ಹೋಮಿಯೊಮಾರ್ಫಿಕ್. ಅಪವಾದವೇ ಇಲ್ಲ.

ಎಲ್-ಇನ್ಫಿನಿಟಿ ಮತ್ತು ದೊಡ್ಡ ಸಿ-ನಾಟ್ ಎರಡಕ್ಕೂ ಡೆನ್ಸಿಟಿ ಒಂದೇ, ರಿಯಲ್ ನಂಬರ್‌ಗಳಷ್ಟು. ಹಾಗಾಗಿ ಟೊಪಾಲಜಿಯ ಕಣ್ಣಿಗೆ ಎರಡೂ ಒಂದೇ. ಬರೀ ವೆಕ್ಟರ್ ಸ್ಪೇಸ್ ಅಂತ ನೋಡಿದರೂ ಒಂದೇ, ಯಾಕಂದರೆ ಡೈಮೆನ್ಷನ್ ಕೂಡ ಅಷ್ಟೇ. ಆದರೆ ಲೀನಿಯರ್ ಮತ್ತು ಕಂಟಿನ್ಯುವಸ್ ಎರಡನ್ನೂ ಒಟ್ಟಿಗೆ ಕೇಳಿ ನೋಡಿ. ಐಸೊಮಾರ್ಫಿಸಂ ಹೋಗಲಿ, ದೊಡ್ಡ ಸಿ-ನಾಟ್‌ನಿಂದ ಎಲ್-ಇನ್ಫಿನಿಟಿಗೆ ಎರಡು ವೆಕ್ಟರ್‌ಗಳನ್ನು ಒಂದೇ ಕಡೆ ಕಳಿಸದ ಒಂದು ಮ್ಯಾಪ್ ಕೂಡ ಸಿಗುವುದಿಲ್ಲ.

ಇದರ ಪ್ರೂಫ್ ಎಷ್ಟು ಚಿಕ್ಕದು ಅಂದರೆ ಇಲ್ಲೇ ಹೇಳಿಬಿಡಬಹುದು. ಪ್ರತಿ ವೆಕ್ಟರಿಗೂ ಒಂದು ಅಂಕಿ ಕೊಡುವ ಮ್ಯಾಪಿಗೆ ಫಂಕ್ಷನಲ್ ಅನ್ನುತ್ತಾರೆ. ದೊಡ್ಡ ಸಿ-ನಾಟ್ ಮೇಲಿನ ಕಂಟಿನ್ಯುವಸ್ ಲೀನಿಯರ್ ಫಂಕ್ಷನಲ್ ಅಂದರೆ ಪ್ರತಿ ಸ್ಥಾನಕ್ಕೂ ಒಂದು ತೂಕ ಕೊಟ್ಟು ಕೂಡುವುದು. ಆ ತೂಕಗಳ ಒಟ್ಟು ಮೊತ್ತ ಫೈನೈಟ್ ಆಗಿರಲೇಬೇಕು. ಮೊತ್ತ ಫೈನೈಟ್ ಆಗಬೇಕಾದರೆ ಸೊನ್ನೆಯಲ್ಲದ ತೂಕಗಳು ಕೌಂಟಬಲ್ ಆಗಿರಲೇಬೇಕು. ಅಂದರೆ ಒಂದು ಫಂಕ್ಷನಲ್‌ಗೆ ಕೌಂಟಬಲ್ ಸ್ಥಾನಗಳು ಮಾತ್ರ ಕಾಣುತ್ತವೆ, ಉಳಿದವಕ್ಕೆ ಅದು ಕುರುಡು. ಎಲ್-ಇನ್ಫಿನಿಟಿಗೆ ಹೋಗುವ ಮ್ಯಾಪ್ ಅಂದರೆ, ಅಲ್ಲಿನ ಪ್ರತಿ ಸ್ಥಾನಕ್ಕೂ ಒಂದರಂತೆ, ಫಂಕ್ಷನಲ್‌ಗಳ ಒಂದು ಸೀಕ್ವೆನ್ಸ್. ಕೌಂಟಬಲ್ ಫಂಕ್ಷನಲ್‌ಗಳು, ಪ್ರತಿಯೊಂದಕ್ಕೂ ಕಾಣುವುದು ಕೌಂಟಬಲ್ ಸ್ಥಾನಗಳು. ಎಲ್ಲ ಸೇರಿಸಿದರೂ ಕೌಂಟಬಲ್ಲೇ. ಸ್ಥಾನಗಳಿರುವುದು ರಿಯಲ್ ನಂಬರ್‌ಗಳಷ್ಟು. ಯಾರಿಗೂ ಕಾಣದ ಒಂದು ಸ್ಥಾನ ಉಳಿದೇ ಉಳಿಯುತ್ತದೆ. ಆ ಸ್ಥಾನದಲ್ಲಿ 1, ಉಳಿದೆಡೆ ಸೊನ್ನೆ ಇರುವ ವೆಕ್ಟರನ್ನು ಮ್ಯಾಪ್ ಸೊನ್ನೆಗೆ ಕಳಿಸುತ್ತದೆ. ಮುಗಿಯಿತು.

ಸೆಪರಬಲ್ ಲೋಕದಲ್ಲಿ ಇಂಥ ತಡೆ ಇಲ್ಲವೇ ಇಲ್ಲ. ಅಲ್ಲಿ ಯಾವ ಎರಡು ಇನ್ಫೈನೈಟ್ ಡೈಮೆನ್ಷನ್ ಸ್ಪೇಸ್ ತಗೊಂಡರೂ ಒಂದನ್ನು ಇನ್ನೊಂದರೊಳಗೆ, ನಾರ್ಮ್ ಉಳಿಯದಿದ್ದರೂ, ಡೆನ್ಸ್ ಆಗಿ ಕೂರಿಸಬಹುದು. 1943ರಲ್ಲಿ ಮಾರ್ಕುಷೆವಿಚ್ ತೋರಿಸಿದ್ದು ಇದಕ್ಕೆ ಆಧಾರ. ಪ್ರತಿ ಸೆಪರಬಲ್ ಸ್ಪೇಸಿನಲ್ಲೂ ವೆಕ್ಟರ್‌ಗಳ ಒಂದು ಸೀಕ್ವೆನ್ಸ್, ಅವುಗಳನ್ನು ಒಂದೊಂದಾಗಿ ಗುರುತಿಸುವ ಫಂಕ್ಷನಲ್‌ಗಳ ಒಂದು ಸೀಕ್ವೆನ್ಸ್ ಜೋಡಿಯಾಗಿ ಸಿಗುತ್ತವೆ. ಆ ವೆಕ್ಟರ್‌ಗಳ ಲೀನಿಯರ್ ಕೂಡುವಿಕೆಗಳು ಡೆನ್ಸ್, ಆ ಫಂಕ್ಷನಲ್‌ಗಳೆಲ್ಲ ಸೊನ್ನೆ ಅಂದರೆ ವೆಕ್ಟರೂ ಸೊನ್ನೆ. ಮೊದಲ ಸ್ಪೇಸಿನ ಫಂಕ್ಷನಲ್‌ನಿಂದ ಅಂಕಿ ಓದಿ, ಅರ್ಧ, ಕಾಲು, ಅರೆಕಾಲು ಹೀಗೆ ಇಳಿಯುವ ತೂಕ ಹಾಕಿ, ಎರಡನೇ ಸ್ಪೇಸಿನ ವೆಕ್ಟರಿಗೆ ಗುಣಿಸಿ ಕೂಡಿದರೆ ಮ್ಯಾಪ್ ಸಿದ್ಧ. ಕೂಡಿಸಲು ಸಾಧ್ಯವಾಗುವುದು ಇಳಿಯುವ ತೂಕಗಳಿಂದ. ಕೌಂಟಬಲ್‌ಗಿಂತ ಜಾಸ್ತಿ ಸ್ಥಾನಗಳಿಗೆ ಸೊನ್ನೆಯಲ್ಲದ ತೂಕ ಕೊಟ್ಟು ಮೊತ್ತವನ್ನು ಫೈನೈಟ್ ಆಗಿ ಇಡುವುದು ಸಾಧ್ಯವೇ ಇಲ್ಲ. ನಾನ್-ಸೆಪರಬಲ್ ಸ್ಪೇಸಿನಲ್ಲಿ ಈ ಉಪಾಯ ಕೈಕೊಡುವುದು ಸರಿಯಾಗಿ ಇಲ್ಲೇ. ಮಾರ್ಕುಷೆವಿಚ್‌ರ ಜೋಡಿಗಳೂ ಎಲ್ಲ ಕಡೆ ಸಿಗುವುದಿಲ್ಲ. ಎಲ್-ಇನ್ಫಿನಿಟಿಯಲ್ಲಿ ಅಂಥ ಜೋಡಿ, ಎಷ್ಟೇ ಉದ್ದದ್ದಾದರೂ, ಇಲ್ಲ ಅಂತ ಡಬ್ಲ್ಯು. ಬಿ. ಜಾನ್ಸನ್ 1970ರಲ್ಲಿ ತೋರಿಸಿದರು.

ಬಾಗಿಸುವುದಕ್ಕೂ ಲೀನಿಯರ್ ಆಗಿರುವುದಕ್ಕೂ ನಡುವೆ ಇನ್ನೊಂದು ಮೆಟ್ಟಿಲಿದೆ. ಅದೇ ಲಿಪ್‌ಶಿಟ್ಸ್ ಹೊಂದಾಣಿಕೆ. ದೂರಗಳು ಇಷ್ಟು ಪಟ್ಟು ಅಂತ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ಹಿಗ್ಗಬಾರದು, ಕುಗ್ಗಲೂ ಬಾರದು. ಲೀನಿಯರ್ ಆಗಿರಬೇಕಿಲ್ಲ. ದೂರ ಒಂದಿಷ್ಟೂ ಬದಲಾಗದಿದ್ದರೆ ಮ್ಯಾಪ್ ತಾನಾಗಿಯೇ ಲೀನಿಯರ್, ಸೊನ್ನೆಯನ್ನು ಸೊನ್ನೆಗೆ ಕಳಿಸಿದರೆ ಸಾಕು ಅಂತ ಮಜೂರ್ ಮತ್ತು ಉಲಾಮ್ 1932ರಲ್ಲೇ ಹೇಳಿದ್ದರು. ಹಾಗಾದರೆ ದೂರ ಸ್ವಲ್ಪ ಆಚೀಚೆ ಆದರೆ? ಲಿಪ್‌ಶಿಟ್ಸ್ ಆಗಿ ಹೊಂದುವ ಎರಡು ಸ್ಪೇಸ್‌ಗಳು ಲೀನಿಯರ್ ಆಗಿಯೂ ಹೊಂದಲೇಬೇಕಾ?

1978ರಲ್ಲಿ ಆಹರೋನಿ ಮತ್ತು ಯೋರಾಮ್ ಲಿಂಡೆನ್‌ಸ್ಟ್ರಾಸ್ ಇಲ್ಲ ಅಂದರು. ಅವರ ಉದಾಹರಣೆ ನಾನ್-ಸೆಪರಬಲ್. ಅದನ್ನು ಕಟ್ಟುವ ಬಗೆ ನಿಧಾನವಾಗಿ ನೋಡುವಂಥದ್ದು.

ರ‍್ಯಾಷನಲ್ ನಂಬರ್‌ಗಳನ್ನು ತಗೊಳ್ಳಿ, ಅವು ಕೌಂಟಬಲ್. ಪ್ರತಿ ರಿಯಲ್ ನಂಬರಿಗೂ ಅದರ ಕಡೆಗೆ ಹೋಗುವ ಬೇರೆ ಬೇರೆ ರ‍್ಯಾಷನಲ್‌ಗಳ ಒಂದು ಸೀಕ್ವೆನ್ಸ್ ಆರಿಸಿ. ಹೀಗೆ ಪ್ರತಿ ರಿಯಲ್ ನಂಬರಿಗೂ ರ‍್ಯಾಷನಲ್‌ಗಳ ಒಂದು ಗುಂಪು ಸಿಕ್ಕಿತು. ಎರಡು ಬೇರೆ ರಿಯಲ್ ನಂಬರ್‌ಗಳ ಗುಂಪುಗಳಲ್ಲಿ ಸಮಾನವಾದವು ಫೈನೈಟ್ ಮಾತ್ರ, ಯಾಕಂದರೆ ಅವು ಬೇರೆ ಬೇರೆ ಕಡೆಗೆ ಹೋಗುತ್ತಿವೆ. ಕೌಂಟಬಲ್ ಜಾಗದೊಳಗೆ ರಿಯಲ್ ನಂಬರ್‌ಗಳಷ್ಟು ಗುಂಪುಗಳು, ಹೆಚ್ಚೂ ಕಡಿಮೆ ಒಂದನ್ನೊಂದು ಮುಟ್ಟದ ಹಾಗೆ! ಈಗ ಪ್ರತಿ ಗುಂಪಿಗೂ ಅದರ ಮೇಲೆ 1, ಹೊರಗೆ ಸೊನ್ನೆ ಇರುವ ಸೀಕ್ವೆನ್ಸ್ ಬರೆಯಿರಿ. ಅವುಗಳ ಜೊತೆ ಸಿ-ನಾಟ್ ಸೇರಿಸಿ, ಎಲ್-ಇನ್ಫಿನಿಟಿಯೊಳಗೆ ಅವೆಲ್ಲ ಸೇರಿ ಹುಟ್ಟಿಸುವ ಕ್ಲೋಸ್ಡ್ ಸಬ್‌ಸ್ಪೇಸ್ ತಗೊಳ್ಳಿ. ಇದೇ ಆ ಸ್ಪೇಸ್. ಇದರಿಂದ ಸಿ-ನಾಟ್ ಅನ್ನು ಕಳೆದರೆ, ಅಂದರೆ ಸಿ-ನಾಟ್‌ನಷ್ಟೇ ವ್ಯತ್ಯಾಸ ಇರುವವನ್ನು ಒಂದೇ ಅಂತ ಎಣಿಸಿ ಕೋಷೆಂಟ್ ತೆಗೆದರೆ, ಫೈನೈಟ್ ಅತಿಕ್ರಮಣಗಳೆಲ್ಲ ಮಾಯವಾಗಿ ದೊಡ್ಡ ಸಿ-ನಾಟ್ ಉಳಿಯುತ್ತದೆ.

ಕೋಷೆಂಟ್‌ನಿಂದ ವಾಪಸ್ ಮೇಲಕ್ಕೆ ಬರಲು ಒಂದು ದಾರಿ ಬೇಕು. ಮೊದಲಿಗೆ ತೋಚುವುದು ಕೂಡುವುದು: ಪ್ರತಿ ರಿಯಲ್ ನಂಬರಿನ ಅಂಕಿಯನ್ನು ಅದರ ಗುಂಪಿನ ಮೇಲೆ ಇಟ್ಟು ಎಲ್ಲವನ್ನೂ ಕೂಡಿಬಿಡೋಣ ಅಂತ. ಅದು ಆಗುವುದಿಲ್ಲ. ಒಂದೇ ರ‍್ಯಾಷನಲ್ ಲೆಕ್ಕವಿಲ್ಲದಷ್ಟು ಗುಂಪುಗಳಲ್ಲಿ ಇರಬಹುದು, ಮೊತ್ತ ಉಬ್ಬಿಹೋಗುತ್ತದೆ. ಕೂಡುವ ಬದಲು ಅವುಗಳಲ್ಲಿ ದೊಡ್ಡದನ್ನು ಮಾತ್ರ ಇಟ್ಟುಕೊಳ್ಳಿ. ಪಾಸಿಟಿವ್ ಭಾಗಕ್ಕೆ ಒಮ್ಮೆ, ನೆಗೆಟಿವ್ ಭಾಗಕ್ಕೆ ಒಮ್ಮೆ ಹೀಗೆ ಮಾಡಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಅಂಕಿಗಳು ಸ್ವಲ್ಪ ಬದಲಾದರೆ ಅವುಗಳ ಪೈಕಿ ದೊಡ್ಡದೂ ಅಷ್ಟರೊಳಗೇ ಬದಲಾಗುತ್ತದೆ. ಹಾಗಾಗಿ ಈ ದಾರಿ ಲಿಪ್‌ಶಿಟ್ಸ್. ಕೂಡಿದ್ದಕ್ಕೂ ದೊಡ್ಡದನ್ನು ತಗೊಂಡಿದ್ದಕ್ಕೂ ವ್ಯತ್ಯಾಸ ಬರುವುದು ಗುಂಪುಗಳು ಒಂದರ ಮೇಲೊಂದು ಬೀಳುವ ಕಡೆ ಮಾತ್ರ. ಅದನ್ನು ಸಿ-ನಾಟ್ ನುಂಗಿಕೊಳ್ಳುತ್ತದೆ. ಈ ದಾರಿ ಸಿಕ್ಕ ಕೂಡಲೇ ನಮ್ಮ ಸ್ಪೇಸ್ ಸಿ-ನಾಟ್ ಮತ್ತು ದೊಡ್ಡ ಸಿ-ನಾಟ್ ಎರಡರ ಜೋಡಿಗೆ ಲಿಪ್‌ಶಿಟ್ಸ್ ಆಗಿ ಹೊಂದುತ್ತದೆ. ಆ ಜೋಡಿ ದೊಡ್ಡ ಸಿ-ನಾಟ್‌ಗೇ ಐಸೊಮಾರ್ಫಿಕ್.

ಲೀನಿಯರ್ ಆಗಿ ಹೊಂದುತ್ತದಾ? ನಮ್ಮ ಸ್ಪೇಸ್ ಎಲ್-ಇನ್ಫಿನಿಟಿಯೊಳಗೆ ಕೂತಿದೆ. ದೊಡ್ಡ ಸಿ-ನಾಟ್ ಅಲ್ಲಿಗೆ ಬರಲಾರದು ಅಂತ ಆಗಲೇ ನೋಡಿದೆವಲ್ಲ. ಅಷ್ಟೇ.

ಇದನ್ನೇ ಸೆಪರಬಲ್ ಸ್ಪೇಸಿನಲ್ಲಿ ಮಾಡಲು ಹೋದರೆ ಬಾಗಿಲು ಮುಚ್ಚಿದೆ. ಕೋಷೆಂಟ್ ಸೆಪರಬಲ್ ಆಗಿದ್ದು, ಮೇಲಕ್ಕೆ ಬರಲು ಲಿಪ್‌ಶಿಟ್ಸ್ ದಾರಿ ಇದ್ದರೆ ಲೀನಿಯರ್ ದಾರಿಯೂ ಇದ್ದೇ ಇರುತ್ತದೆ ಅಂತ ಗೊಡ್‌ಫ್ರುವಾ ಮತ್ತು ಕ್ಯಾಲ್ಟನ್ 2003ರಲ್ಲಿ ಸಾಧಿಸಿದರು. ಅದಕ್ಕೆ ಮೂರು ವರ್ಷ ಮೊದಲು ಇವರಿಬ್ಬರೂ ಲಾನ್ಸಿಯೆನ್ ಜೊತೆ ಸೇರಿ, ಸಿ-ನಾಟ್‌ಗೆ ಲಿಪ್‌ಶಿಟ್ಸ್ ಆಗಿ ಹೊಂದುವ ಬನಾಖ್ ಸ್ಪೇಸ್ ಅದಕ್ಕೆ ಲೀನಿಯರ್ ಆಗಿಯೂ ಐಸೊಮಾರ್ಫಿಕ್ ಅಂತ ತೋರಿಸಿದ್ದರು. ಆದರೆ ಎಲ್ಲ ಸೆಪರಬಲ್ ಸ್ಪೇಸ್‌ಗಳಿಗೂ ಇದು ನಿಜವೇ ಅನ್ನುವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಎಲ್-ಒನ್‌ನಂಥ (ಅಂಕಿಗಳ ಅಳತೆಗಳನ್ನು ಕೂಡಿದರೆ ಮೊತ್ತ ಫೈನೈಟ್ ಆಗುವ ಸೀಕ್ವೆನ್ಸ್‌ಗಳದ್ದು) ಸರಳ ಸ್ಪೇಸಿಗೂ ಸಿಕ್ಕಿಲ್ಲ. ಸಾಮಾನ್ಯವಾಗಿ ನಾನ್-ಸೆಪರಬಲ್ ಅಂದರೆ ಕಷ್ಟ ಜಾಸ್ತಿ ಅಂತ ನಂಬಿಕೆ. ಇಲ್ಲಿ ಆ ಕಡೆ ಉತ್ತರ 1978ರಲ್ಲೇ ಬಂತು, ಸೆಪರಬಲ್ ಕಡೆ ಇವತ್ತಿಗೂ ಕಾಯುತ್ತಿದ್ದೇವೆ.

ಇದಕ್ಕೆ ಉಲ್ಟಾ ಇರುವ ಒಂದು ಪ್ರಶ್ನೆಯೂ ಇದೆ. ಸೆಪರಬಲ್ ಕಡೆ ಅದು ಪ್ರಶ್ನೆಯೇ ಅಲ್ಲ, ನಾನ್-ಸೆಪರಬಲ್ ಕಡೆ ಬನಾಖ್ ಮತ್ತು ಮಜೂರ್ ಕಾಲದಿಂದ ನಿಂತಿದೆ. ಇನ್ಫೈನೈಟ್ ಡೈಮೆನ್ಷನ್‌ನ ಪ್ರತಿ ಬನಾಖ್ ಸ್ಪೇಸಿಗೂ ಇನ್ಫೈನೈಟ್ ಡೈಮೆನ್ಷನ್‌ನ ಸೆಪರಬಲ್ ಕೋಷೆಂಟ್ ಇದೆಯಾ? ಎಷ್ಟೇ ದೊಡ್ಡ ಸ್ಪೇಸನ್ನಾದರೂ ಹಿಡಿಯಬಹುದಾದ ಒಂದು ಸೆಪರಬಲ್ ನೆರಳಿಗೆ ಇಳಿಸಬಹುದಾ ಅನ್ನುವುದು ಇದರ ತಿರುಳು.

ಇದು ಡೆನ್ಸ್ ಸಬ್‌ಸ್ಪೇಸ್‌ಗಳದ್ದೇ ಪ್ರಶ್ನೆ ಅಂತ 1977ರಲ್ಲಿ ಸ್ಯಾಕ್ಸನ್ ಮತ್ತು ವಿಲಾನ್‌ಸ್ಕಿ ತೋರಿಸಿದರು. ಬನಾಖ್ ಸ್ಪೇಸಿನಲ್ಲಿ ಯೂನಿಫಾರ್ಮ್ ಬೌಂಡೆಡ್‌ನೆಸ್ ಪ್ರಿನ್ಸಿಪಲ್ ನಡೆಯುತ್ತದೆ: ಫಂಕ್ಷನಲ್‌ಗಳ ಒಂದು ಗುಂಪು ಪ್ರತಿ ಬಿಂದುವಿನಲ್ಲೂ ಮಿತಿಯೊಳಗಿದ್ದರೆ ಅವುಗಳ ನಾರ್ಮ್ ಕೂಡ ಮಿತಿಯೊಳಗಿರುತ್ತದೆ. ಡೆನ್ಸ್ ಸಬ್‌ಸ್ಪೇಸಿನಲ್ಲಿ ಇದು ಕೆಡಬಹುದು. ಸಿ-ನಾಟ್‌ನಲ್ಲಿ ಫೈನೈಟ್ ಸ್ಥಾನಗಳಲ್ಲಿ ಮಾತ್ರ ಅಂಕಿ ಇರುವ ಸೀಕ್ವೆನ್ಸ್‌ಗಳನ್ನು ತಗೊಳ್ಳಿ. ಒಂದನೇ ಅಂಕಿಯ ಒಂದರಷ್ಟು, ಎರಡನೆಯದರ ಎರಡರಷ್ಟು, ಮೂರನೆಯದರ ಮೂರರಷ್ಟು ಅನ್ನುವ ಫಂಕ್ಷನಲ್‌ಗಳನ್ನು ನೋಡಿ. ಯಾವ ಬಿಂದು ಇಟ್ಟರೂ ಒಂದು ಹಂತದ ಮೇಲೆ ಎಲ್ಲವೂ ಸೊನ್ನೆ, ಆದರೆ ನಾರ್ಮ್ ಏರುತ್ತಲೇ ಹೋಗುತ್ತದೆ. ಹೀಗೆ ಪ್ರಿನ್ಸಿಪಲ್ ಕೆಡುವ ಡೆನ್ಸ್ ಸಬ್‌ಸ್ಪೇಸ್ ಇದ್ದರೆ ಸೆಪರಬಲ್ ಕೋಷೆಂಟ್ ಇದೆ, ಇಲ್ಲದಿದ್ದರೆ ಇಲ್ಲ. ಸ್ಯಾಕ್ಸನ್-ವಿಲಾನ್‌ಸ್ಕಿ ಫಲಿತಾಂಶ ಇದೇ.

ಇಲ್ಲಿಂದ ಕಥೆ ಸೆಟ್ ಥಿಯರಿಯೊಳಗೆ ಇಳಿಯುತ್ತದೆ. ಯೋಸೆಫ್‌ಸನ್ ಮತ್ತು ನಿಸ್ಸೆನ್‌ಜ್ವೈಗ್ 1975ರಲ್ಲಿ ಬೇರೆ ಬೇರೆಯಾಗಿ ಸಾಧಿಸಿದ ಒಂದು ಥಿಯರಮ್ ಇದೆ. ಯಾವ ಇನ್ಫೈನೈಟ್ ಡೈಮೆನ್ಷನ್ ಬನಾಖ್ ಸ್ಪೇಸ್ ಆದರೂ ಸರಿ, ನಾರ್ಮ್ 1 ಇರುವ ಫಂಕ್ಷನಲ್‌ಗಳ ಒಂದು ಸೀಕ್ವೆನ್ಸ್ ಸಿಗುತ್ತದೆ, ಪ್ರತಿ ಬಿಂದುವಿನಲ್ಲೂ ಅದು ಸೊನ್ನೆಗೆ ಇಳಿಯುತ್ತದೆ. ಇಳಿಯುವ ವೇಗ ಬಿಂದುವಿನಿಂದ ಬಿಂದುವಿಗೆ ಬೇರೆ. ಈಗ ಒಂದು ಡೆನ್ಸ್ ಗುಂಪು ತಗೊಳ್ಳಿ. ಅದರ ಪ್ರತಿ ಬಿಂದುವಿಗೂ ಒಂದು ವೇಗ. ಆ ಎಲ್ಲ ವೇಗಗಳಿಗಿಂತಲೂ ನಿಧಾನವಾದ ಒಂದೇ ವೇಗ ಸಿಕ್ಕರೆ, ಅದಕ್ಕೆ ತಕ್ಕಂತೆ ನಿಧಾನವಾಗಿ ಏರುವ ಅಂಕಿಗಳಿಂದ ಫಂಕ್ಷನಲ್‌ಗಳನ್ನು ಗುಣಿಸಬಹುದು. ಡೆನ್ಸ್ ಗುಂಪಿನ ಪ್ರತಿ ಬಿಂದುವಿನಲ್ಲೂ ಅವು ಮಿತಿಯೊಳಗೇ ಉಳಿಯುತ್ತವೆ, ನಾರ್ಮ್ ಮಾತ್ರ ಏರಿ ಹೋಗುತ್ತದೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ಹಾಗಾದರೆ ಎಷ್ಟು ವೇಗಗಳಿಗೆ ಹೀಗೆ ಒಂದೇ ಮಿತಿ ಸಿಗುತ್ತದೆ? ಕೌಂಟಬಲ್ ಆದರೆ ಯಾವಾಗಲೂ ಸಿಗುತ್ತದೆ. ಸಿಗದೇ ಹೋಗುವ ಮೊದಲ ಸಂಖ್ಯೆಗೆ ಬೌಂಡಿಂಗ್ ನಂಬರ್ ಅನ್ನುತ್ತಾರೆ. ಅದು ಅಲೆಫ್-ಒಂದಕ್ಕಿಂತ (ಕೌಂಟಬಲ್ ದಾಟಿದ ಮೇಲೆ ಸಿಗುವ ಮೊದಲ ಸಂಖ್ಯೆ) ಕಡಿಮೆ ಅಲ್ಲ, ರಿಯಲ್ ನಂಬರ್‌ಗಳ ಸಂಖ್ಯೆಗಿಂತ ಜಾಸ್ತಿಯೂ ಅಲ್ಲ. ನಡುವೆ ಸರಿಯಾಗಿ ಎಲ್ಲಿದೆ ಅಂತ ಗಣಿತದ ಸಾಮಾನ್ಯ ಆಕ್ಸಿಯಮ್‌ಗಳು ತೀರ್ಮಾನಿಸುವುದಿಲ್ಲ. ರಿಯಲ್ ನಂಬರ್‌ಗಳ ಸಂಖ್ಯೆಯೇ ಅಲೆಫ್-ಒಂದು ಅನ್ನುವ ಕಂಟಿನ್ಯೂಮ್ ಹೈಪಾಥಿಸಿಸ್ ಒಪ್ಪಿಕೊಂಡರೆ ಅದು ಅಲೆಫ್-ಒಂದು. ಆಗ ಮೇಲಿನ ವಾದ ಸೆಪರಬಲ್ ಸ್ಪೇಸ್ ದಾಟಿ ಹೋಗುವುದೇ ಇಲ್ಲ. ಹೈಪಾಥಿಸಿಸ್ ಸುಳ್ಳು ಅಂತಿಟ್ಟುಕೊಂಡು, ಸೆಟ್ ಥಿಯರಿಯ ಇನ್ನೊಂದು ಹೆಚ್ಚುವರಿ ಆಕ್ಸಿಯಮ್ ಆದ ಮಾರ್ಟಿನ್ಸ್ ಆಕ್ಸಿಯಮ್ ಒಪ್ಪಿಕೊಂಡರೆ ಅದು ಅಲೆಫ್-ಒಂದಕ್ಕಿಂತ ದೊಡ್ಡದು. ಆಗ ಡೆನ್ಸಿಟಿ ಅಲೆಫ್-ಒಂದು ಇರುವ ಪ್ರತಿ ಬನಾಖ್ ಸ್ಪೇಸಿಗೂ ಸೆಪರಬಲ್ ಕೋಷೆಂಟ್ ಇದೆ. ಇನ್ನೂ ಬಲವಾದ ಆಕ್ಸಿಯಮ್ ಹಿಡಿದು 2006ರಲ್ಲಿ ಟೊಡೊರ್ಚೆವಿಚ್ ಇದಕ್ಕಿಂತ ಹೆಚ್ಚಿನದನ್ನೇ ಕೊಟ್ಟರು.

ಅಂದರೆ ಡೆನ್ಸ್ ಭಾಗದ ಅಳತೆ ಇಲ್ಲಿ ನಿಜವಾದ ಕೆಲಸ ಮಾಡುತ್ತದೆ, ಆದರೆ ಅದರ ಕೈ ಎಲ್ಲಿವರೆಗೆ ಚಾಚುತ್ತದೆ ಅನ್ನುವುದು ನಾವು ಯಾವ ಆಕ್ಸಿಯಮ್ ನಂಬುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಇದು ಒಂಟಿ ಪ್ರಸಂಗವಲ್ಲ. ಎಲ್ಲ ಸೆಪರಬಲ್ ಬನಾಖ್ ಸ್ಪೇಸ್‌ಗಳೂ 0ರಿಂದ 1ರ ಮೇಲಿನ ಕಂಟಿನ್ಯುವಸ್ ಫಂಕ್ಷನ್‌ಗಳ ಸ್ಪೇಸಿನೊಳಗೆ ನಾರ್ಮ್ ಸಮೇತ ಕೂರುತ್ತವೆ, ಇದು ಬನಾಖ್-ಮಜೂರ್ ಥಿಯರಮ್. ಡೆನ್ಸಿಟಿ ರಿಯಲ್ ನಂಬರ್‌ಗಳಷ್ಟು ಇರುವ ಸ್ಪೇಸ್‌ಗಳಿಗೆ ಅಂಥ ಒಂದು ಮನೆ ಇದೆಯಾ? ಕಂಟಿನ್ಯೂಮ್ ಹೈಪಾಥಿಸಿಸ್ ಇದ್ದರೆ ಇದೆ. ಇಲ್ಲದಿದ್ದರೆ ಅಂಥ ಸ್ಪೇಸೇ ಇಲ್ಲದಿರಬಹುದು ಅಂತ ಕ್ರಿಸ್ಟಿನಾ ಬ್ರೆಷ್ ಮತ್ತು ಪಿಯೋತರ್ ಕೊಶ್ಮಿದರ್ 2012ರಲ್ಲಿ ತೋರಿಸಿದರು.

ಆಕ್ಸಿಯಮ್‌ಗಳ ಹಂಗಿಲ್ಲದೆ ಗೊತ್ತಿರುವುದೂ ಸಾಕಷ್ಟಿದೆ. ಒಂದು ಸ್ಪೇಸಿನ ಕಂಟಿನ್ಯುವಸ್ ಲೀನಿಯರ್ ಫಂಕ್ಷನಲ್‌ಗಳೆಲ್ಲ ಸೇರಿ ಆಗುವ ಸ್ಪೇಸಿಗೆ ಅದರ ಡ್ಯುಯಲ್ ಅಂತ ಹೆಸರು. ರಿಫ್ಲೆಕ್ಸಿವ್, ಅಂದರೆ ಡ್ಯುಯಲ್‌ನ ಡ್ಯುಯಲ್ ತೆಗೆದರೆ ಮತ್ತೆ ತಾನೇ ಸಿಗುವ ಸ್ಪೇಸ್‌ಗಳಿಗೆ ಸೆಪರಬಲ್ ಕೋಷೆಂಟ್ ಇದೆ. ಇನ್ಫೈನೈಟ್ ಕಾಂಪ್ಯಾಕ್ಟ್ ಸೆಟ್ ಮೇಲಿನ ಕಂಟಿನ್ಯುವಸ್ ಫಂಕ್ಷನ್‌ಗಳ ಸ್ಪೇಸ್‌ಗಳಿಗೂ ಇದೆ. ಎಲ್-ಇನ್ಫಿನಿಟಿಯ ಕೋಷೆಂಟ್ ಆಗಿ ಹಿಲ್ಬರ್ಟ್ ಸ್ಪೇಸೇ (ಉದ್ದದ ಜೊತೆ ಕೋನವನ್ನೂ ಅಳೆಯಬಹುದಾದ ಬನಾಖ್ ಸ್ಪೇಸ್) ಸಿಗುತ್ತದೆ ಅಂತ ರೋಸೆಂಥಾಲ್ 1968ರಲ್ಲಿ ತೋರಿಸಿದ್ದರು. 2008ರಲ್ಲಿ ಆರ್ಗೈರೋಸ್, ಡೋಡೋಸ್, ಕನೆಲ್ಲೊಪೌಲೊಸ್ ದೊಡ್ಡ ಹೆಜ್ಜೆ ಇಟ್ಟರು: ಇನ್ನೊಂದು ಸ್ಪೇಸಿನ ಡ್ಯುಯಲ್ ಆಗಿರುವ ಪ್ರತಿ ಸ್ಪೇಸಿಗೂ ಸೆಪರಬಲ್ ಕೋಷೆಂಟ್ ಇದೆ. ನಾವು ದಿನಾ ಬಳಸುವ ನಾನ್-ಸೆಪರಬಲ್ ಸ್ಪೇಸ್‌ಗಳಲ್ಲಿ ಹೆಚ್ಚಿನವು ಇದರಲ್ಲೇ ಬಂದುಬಿಡುತ್ತವೆ.

ಹಾಗಾಗಿ ಸೆಪರಬಲ್ ಕೋಷೆಂಟ್ ಇಲ್ಲದ ಸ್ಪೇಸನ್ನು ಯಾರಾದರೂ ಕಟ್ಟಲು ಹೊರಟರೆ ಅದು ಯಾವ ಥರದ್ದಾಗಿರಬೇಕು ಅನ್ನುವುದು ಸಾಕಷ್ಟು ಗೊತ್ತಿದೆ. ಅದು ಡ್ಯುಯಲ್ ಆಗಿರಬಾರದು. ಡೆನ್ಸಿಟಿ ಬೌಂಡಿಂಗ್ ನಂಬರಿಗಿಂತ ಕಡಿಮೆ ಇರಬಾರದು. ಅದರ ಡ್ಯುಯಲ್‌ನಲ್ಲಿ ಅನ್‌ಕಂಡಿಷನಲ್ ಬೇಸಿಕ್ ಸೀಕ್ವೆನ್ಸ್ (ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಕೆಡದ ವೆಕ್ಟರ್‌ಗಳ ಸಾಲು) ಒಂದೂ ಇರಬಾರದು, ಇದ್ದರೆ ಸೆಪರಬಲ್ ಕೋಷೆಂಟ್ ಬಂದುಬಿಡುತ್ತದೆ ಅಂತ ಹ್ಯಾಗ್ಲರ್ ಮತ್ತು ಜಾನ್ಸನ್ 1977ರಲ್ಲೇ ತೋರಿಸಿದ್ದರು. ಗವರ್ಸ್ ಸಾಧಿಸಿದ ಡೈಕಾಟಮಿ, ಅಂದರೆ ಎರಡರಲ್ಲಿ ಒಂದು ಇದ್ದೇ ಇರುತ್ತದೆ ಅನ್ನುವ ಥಿಯರಮ್ ಪ್ರಕಾರ ಇದರ ಅರ್ಥ ಇಷ್ಟು: ಆ ಡ್ಯುಯಲ್‌ನ ಪ್ರತಿ ಇನ್ಫೈನೈಟ್ ಡೈಮೆನ್ಷನ್ ಸಬ್‌ಸ್ಪೇಸಿನೊಳಗೂ, ಎರಡು ಇನ್ಫೈನೈಟ್ ಡೈಮೆನ್ಷನ್ ತುಂಡುಗಳಾಗಿ ಯಾವ ಮಟ್ಟದಲ್ಲೂ ಒಡೆಯದ ಒಂದು ಸ್ಪೇಸ್ ಇರಬೇಕು. ಅಂಥ ಒಡೆಯದ ಸ್ಪೇಸ್‌ಗಳನ್ನು ಗವರ್ಸ್ ಮತ್ತು ಮೋರೆ 1993ರಲ್ಲಿ ಮೊದಲ ಸಲ ಕಟ್ಟಿ ತೋರಿಸಿದರು, ಆಮೇಲೆ ನಾನ್-ಸೆಪರಬಲ್ ಆದವನ್ನೂ ಕಟ್ಟಿದ್ದಾರೆ. ಈ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಪೂರೈಸಿ, ಜೊತೆಗೆ ಅದರ ಯಾವ ಡೆನ್ಸ್ ಸಬ್‌ಸ್ಪೇಸಿನಲ್ಲೂ ಯೂನಿಫಾರ್ಮ್ ಬೌಂಡೆಡ್‌ನೆಸ್ ಕೆಡದ ಸ್ಪೇಸ್ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅಂಥದ್ದು ಇರಲು ಸಾಧ್ಯವೇ ಇಲ್ಲ ಅನ್ನುವ ಪ್ರೂಫ್ ಕೂಡ ಸಿಕ್ಕಿಲ್ಲ.